ಗ್ವೆನೊಲೆಯ ಮಜ್ಜಿಗೆ ಬಿಲ್ಲೆ

ರೆನ್ ಊರಿನ ನಮ್ಮ ಗಾಜಿನ ಪ್ರಯೋಗಾಲಯದಲ್ಲಿ ಬೆಳಿಗ್ಗೆ ಬಂದವರು ಎಲ್ಲರ ಕೈಯನ್ನೂ ಕುಲುಕಲೇಬೇಕು. ಒಬ್ಬರನ್ನು ಬಿಟ್ಟಿರೋ, ಆ ಪುಣ್ಯಾತ್ಮರು ಆರು ತಿಂಗಳು ಮುಖ ಊದಿಸಿಕೊಂಡು ಓಡಾಡುತ್ತಾರೆ. ಪಾಪದ ಗ್ವೆನೊಲೆಗೆ ಗ್ರಹಚಾರ ವಕ್ಕರಿಸಿದ್ದು ಇದರಿಂದಲೇ.

ಅವನು ಕರಗಿಸುತ್ತಿದ್ದುದು ಮರಳಿನಿಂದಾಗುವ ಕಿಟಕಿ ಗಾಜಲ್ಲ. ಜಿರ್ಕೋನಿಯಂ, ಬೇರಿಯಂ ಮುಂತಾದವುಗಳ ಫ್ಲೋರೈಡ್ ಬೆರೆಸಿ ಮಾಡುವ ಗಾಜು. ಕಣ್ಣಿಗೆ ಕಾಣದ ಶಾಖದ ಕಿರಣವನ್ನೂ ಸಲೀಸಾಗಿ ದಾಟಿಸುತ್ತದೆ. ಗುಣ ಮಾತ್ರ ಮುದ್ದು ಮಾಡಿ ಕೆಡಿಸಿದ ಮಗುವಿನದು. ತೇವ ತಗಲಿದರೆ ಕೆಡುತ್ತದೆ, ತಣಿಯುವುದು ತಡವಾದರೆ ಒಳಗೆಲ್ಲ ಹರಳು ಕಟ್ಟುತ್ತದೆ, ಕೈಜಾರಿದರೆ ಚೂರುಚೂರು. ಅದಕ್ಕೇ ಒಣಗಾಳಿ ತುಂಬಿದ ಮುಚ್ಚಿದ ಪೆಟ್ಟಿಗೆಯೊಳಗೆ, ಅದರ ಗೋಡೆಗೆ ಜೋಡಿಸಿದ ರಬ್ಬರ್ ಗವಸಿನಲ್ಲಿ ಭುಜದವರೆಗೆ ಕೈ ತೂರಿಸಿ ಕೆಲಸ ಮಾಡಬೇಕು.

ಅವತ್ತು ತಿಳಿಯಾದ ಒಂದೇ ಒಂದು ಬಿಲ್ಲೆ ಸಿಕ್ಕಿದ್ದರೆ ಯೋಜನೆ ಮುಗಿಯುತ್ತಿತ್ತು. ಮುಗಿದರೆ ಸಂಜೆಯ ರೈಲಿಗೆ ಹೆಂಡತಿ ಸ್ವಾಜಿಗ್ ಜೊತೆ ಸಮುದ್ರತೀರ. ಹನ್ನೊಂದು ವರ್ಷದಿಂದ ಇವತ್ತು ನಾಳೆ ಅಂತ ಮುಂದೂಡಿದ ಪ್ರವಾಸ. ಅವಳು ಮೂರು ದಿನದಿಂದ ಸೂಟ್‌ಕೇಸ್ ಕಟ್ಟಿಟ್ಟುಕೊಂಡು ಕೂತಿದ್ದಳು.

ಕರಗಿದ ಗಾಜನ್ನು ಒಲೆಯಿಂದ ಎತ್ತಿ ಅಚ್ಚಿಗೆ ಹುಯ್ಯಬೇಕು, ಅಷ್ಟರಲ್ಲಿ ಉಗ್ರಾಣದ ಬ್ರಿಯಾಕ್ ಬಂದು ಕೈ ಚಾಚಿದ. ಗ್ವೆನೊಲೆ ತಲೆಯಾಡಿಸಿದ. ಚಾಚಿದ ಕೈ ಕೆಳಗಿಳಿಯಲಿಲ್ಲ.

"ಯಾಕಪ್ಪಾ, ನನ್ನ ಕೈ ಕಚ್ಚುತ್ತಾ?"

ಗ್ವೆನೊಲೆ ಬೆವರಿದ ತೋಳನ್ನು ಗವಸಿನಿಂದ ಎಳೆದು, ಕೈ ಕುಲುಕಿ, ಮತ್ತೆ ತೂರಿಸುವ ಹೊತ್ತಿಗೆ ಗಾಜು ಮಂದವಾಗಿತ್ತು. ಮತ್ತೆ ಕಾಯಿಸಿ ಎತ್ತಿದ. ಆಗ ಬಂದಳು ಕಚೇರಿಯ ಆರ್ಮೆಲ್. ಹದಿನೈದು ದಿನದ ರಜೆ ಮುಗಿಸಿ ಬಂದವಳು ಕೆನ್ನೆಗೆ ಕೆನ್ನೆ ತಾಗಿಸದೆ ಹೋದಾಳೆಯೇ? ಜೊತೆಗೆ ತಾಯಿಯ ಮಂಡಿನೋವಿನ ಕತೆಯನ್ನೂ ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಕೊನೆಗೆ ಅಚ್ಚಿನಿಂದ ಹೊರಬಂದ ಬಿಲ್ಲೆ ಮಜ್ಜಿಗೆಯ ಹಾಗೆ ಬೆಳ್ಳಗಿತ್ತು.

ಪ್ರೊಫೆಸರ್ ಕೆರ್ವೆಲ್ಲಾ ಅದನ್ನು ನೋಡಿ ಬಯ್ಯಲಿಲ್ಲ. ಗ್ವೆನೊಲೆಯ ಹೆಗಲ ಮೇಲೆ ಕೈಯಿಟ್ಟರು.

"ಹೋಗ್ಲಿ ಬಿಡಯ್ಯಾ. ಹನ್ನೊಂದು ವರ್ಷ ಒದ್ದಾಡಿದ್ದೀಯ. ಇವತ್ತಿಗೆ ಈ ಯೋಜನೇನ ಮುಚ್ಚಿಬಿಡೋಣ. ಸಮುದ್ರ ನೋಡ್ಕೊಂಡು ಬಾ."

ಗ್ವೆನೊಲೆಗೆ ಗಾಜಿಗಾಗಿ ಅಳು ಬಂತು, ಸ್ವಾಜಿಗ್‌ಗಾಗಿ ನಗು ಬಂತು. ನಾಲ್ಕು ಗಂಟೆಗೆ ಅವಳೇ ಸೂಟ್‌ಕೇಸ್ ಹೊತ್ತು ಬಂದಳು. ಸಂಗತಿ ಕೇಳಿ ಗಂಡನ ಬಾಡಿದ ಮುಖ ನೋಡಿದಳು, ಬಿಲ್ಲೆಯನ್ನು ಅಂಗೈಗೆ ತೆಗೆದುಕೊಂಡಳು.

"ಇದು ನಮ್ಮನೇಲಿರ್ಲಿ. ಎಷ್ಟಂದ್ರೂ ನಿನ್ನ ಕೈಯಲ್ಲಿ ಆಗಿದ್ದಲ್ವಾ?"

ಹೇಳುತ್ತಿದ್ದಂತೆಯೇ ಬಿಲ್ಲೆ ಜಾರಿ ಕಲ್ಲುನೆಲಕ್ಕೆ ಬಿತ್ತು. ಎಲ್ಲರೂ ಕಣ್ಣು ಮುಚ್ಚಿಕೊಂಡರು. ಅದು ಟಣ್ ಎಂದು ಎರಡು ಸಲ ಪುಟಿದು ಸುಮ್ಮನಾಯಿತು. ಒಂದು ಬಿರುಕೂ ಇಲ್ಲ.

ಪ್ರೊಫೆಸರ್ ಮಂಡಿಯೂರಿ ಅದನ್ನು ಎತ್ತಿಕೊಂಡು ಕಿರಣ ಅಳೆಯುವ ಯಂತ್ರದತ್ತ ಓಡಿದರು. ಶಾಖದ ಕಿರಣ ತಿಳಿಗಾಜಿನಲ್ಲಿ ದಾಟುವಂತೆಯೇ ದಾಟುತ್ತಿತ್ತು. ಒಳಗೆ ಹುಟ್ಟಿದ ಹರಳುಗಳು ಬಲು ಸಣ್ಣವು, ಗಾಜನ್ನು ಪಿಂಗಾಣಿಯ ಹಾಗೆ ಗಟ್ಟಿ ಮಾಡಿವೆ, ಇಂಥದನ್ನೇ ತಾವು ಕನಸಿನಲ್ಲಿ ಕಾಣುತ್ತಿದ್ದುದು ಎಂದು ಹೇಳಿದರು. ಯೋಜನೆ ಇನ್ನೂ ಮೂರು ವರ್ಷ ನಡೆಯಲೇಬೇಕು, ನಾಳೆ ಬೆಳಿಗ್ಗೆ ಎಂಟಕ್ಕೇ ಶುರು, ಗ್ವೆನೊಲೆ ಇಲ್ಲದೆ ಆಗುವ ಕೆಲಸವೇ ಅಲ್ಲ.

ಗ್ವೆನೊಲೆಗೆ ಹೆಂಡತಿಯ ಮುಖ ನೋಡುವ ಧೈರ್ಯವಾಗಲಿಲ್ಲ. ಸ್ವಾಜಿಗ್ ಸೂಟ್‌ಕೇಸನ್ನು ನೆಲಕ್ಕಿಟ್ಟು ಅದರ ಮೇಲೆಯೇ ಕೂತಳು, ಪಕ್ಕದಲ್ಲಿ ಅವನಿಗೂ ಜಾಗ ಬಿಟ್ಟಳು.

"ಯಾರನ್ನಾದ್ರೂ ಬಯ್ಯೋಣ ಅಂದ್ರೆ, ಬೀಳಿಸಿದ್ದು ನಾನೇ," ಎಂದಳು.