ಹೆಬ್ಬಾವಿನ ಊಟಕ್ಕೆ ಮೂರಂತಸ್ತಿನ ಮನೆ

ಇಲಿಗೆ ಮನೆ ಕಟ್ಟುವುದೂ ಒಂದು ಕೆಲಸವೇ? ಕರ್ನಾಟಕದ ಲೋಕೋಪಯೋಗಿ ಇಲಾಖೆಯಲ್ಲಿ ಸೇತುವೆ, ಮೋರಿ, ಪ್ರವಾಸಿ ಮಂದಿರಗಳನ್ನು ಕಟ್ಟಿಸಿ, ಅವುಗಳಲ್ಲಿ ಬಹುಪಾಲು ಇನ್ನೂ ನಿಂತಿವೆ ಎಂಬ ಹೆಗ್ಗಳಿಕೆ ಹೊತ್ತ ತ್ರಿವಿಕ್ರಮನಿಗೆ, ಅಂದರೆ ನನಗೆ, ಇಲಿಯ ಮನೆ ಯಾವ ಲೆಕ್ಕ! "ನಾಲ್ಕು ಸಂಜೆ ಸಾಕು. ಇಲಿಗಳೇ ಬಂದು ಸರ್ಟಿಫಿಕೇಟ್ ಕೊಡಬೇಕು, ಹಾಗೆ ಕಟ್ಟುತ್ತೇನೆ!" ಎಂದು ಘೋಷಿಸಿಯೇ ಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನನ್ನ ವಿಷಯದಲ್ಲಿ ಇನ್ನೂ ಏನೇನೋ ಹೋಯಿತು.

ಇದು ತೊಂಬತ್ತೆರಡನೇ ಇಸವಿಯ ಮಾತು. ಮೆಲ್ಬರ್ನಿನಲ್ಲಿ ಆಗ ರಿಸೆಷನ್ನು. ಎಂಜಿನಿಯರ್ ಎಂದು ಕಾಯಂ ವಾಸದ ಪಿಆರ್ ಕೊಟ್ಟು ಕರೆಸಿಕೊಂಡ ದೇಶ, ಬಂದಿಳಿದ ಮೇಲೆ "ಲೋಕಲ್ ಎಕ್ಸ್‌ಪೀರಿಯನ್ಸ್ ಇದೆಯಾ?" ಎಂದು ಕೇಳುತ್ತಿತ್ತು. ಇಲ್ಲಿ ಕೆಲಸ ಕೊಡದೆ ಇಲ್ಲಿಯ ಅನುಭವ ಎಲ್ಲಿಂದ ತರಲಿ, ಚಿಕ್ಕಪೇಟೆಯಿಂದಲೇ? ಕೊನೆಗೆ ಡ್ಯಾಂಡಿನಾಂಗಿನ ಒಂದು ಕಬ್ಬಿಣದ ವರ್ಕ್‌ಶಾಪಿನಲ್ಲಿ ಗ್ರೈಂಡರ್ ಹಿಡಿದು ಕಿಡಿ ಹಾರಿಸುವ ಕೆಲಸಕ್ಕೆ ಸೇರಿದೆ. ವರ್ಕ್‌ಶಾಪಿನ ಮೇಲೆ ಗಾಜಿನ ಗೋಡೆಯ ಡ್ರಾಯಿಂಗ್ ಆಫೀಸು. ಅಲ್ಲೊಂದು ಕುರ್ಚಿ ಖಾಲಿ! ಮಧ್ಯಾಹ್ನ ಮೊಸರನ್ನ ತಿನ್ನುತ್ತಾ ನಾನು ಆ ಕುರ್ಚಿಯನ್ನೇ ನೋಡುತ್ತಿದ್ದೆ.

ವರ್ಕ್‌ಶಾಪಿನ ಮಾಲೀಕ ಟ್ರೆವರ್. ಅವನು ಒಂದು ಹೆಬ್ಬಾವನ್ನು ಸಾಕಿದ್ದ. ಹೆಸರು ಡೋರಿಸ್. ಟ್ರೆವರ್‌ನ ಹೆಂಡತಿಯ ಹೆಸರು ನಮಗ್ಯಾರಿಗೂ ಗೊತ್ತಿರಲಿಲ್ಲ. ಡೋರಿಸ್‌ಳ ಹುಟ್ಟುಹಬ್ಬ ಮಾತ್ರ ಎಲ್ಲರಿಗೂ ಗೊತ್ತಿತ್ತು. ಅವಳ ಊಟಕ್ಕೆಂದೇ ಅವನು ತನ್ನ ಶೆಡ್ಡಿನಲ್ಲಿ ಬಿಳಿ ಇಲಿಗಳನ್ನೂ ಸಾಕುತ್ತಿದ್ದ.

"ವಿಕ್, ಮೈಟ್," ಎಂದ ಒಂದು ದಿನ. ತ್ರಿವಿಕ್ರಮ ಎನ್ನಲು ಅವನ ನಾಲಗೆಗೆ ಪುರುಸೊತ್ತಿಲ್ಲ; ಮೈಟ್ ಎಂದರೆ ಅವರ ಉಚ್ಚಾರದಲ್ಲಿ ಮೇಟ್, ಗೆಳೆಯ. "ನನ್ನ ಇಲಿಗಳಿಗೆ ಒಳ್ಳೇ ಗೂಡು ಬೇಕು. ತಪ್ಪಿಸಿಕೊಳ್ಳಬಾರದು. ಗಂಡು ಹೆಣ್ಣು ಬೇರೆ ಇರಬೇಕು. ತೊಳೆಯೋಕೆ ಸುಲಭ ಇರಬೇಕು. ಡ್ರಾಯಿಂಗ್ ಆಫೀಸು, ಡ್ರಾಯಿಂಗ್ ಆಫೀಸು ಅಂತೀಯಲ್ಲ, ಮಾಡಿ ತೋರಿಸು. ಚೆನ್ನಾಗಿದ್ದರೆ ಸೋಮವಾರದಿಂದ ಆ ಕುರ್ಚಿ ನಿನ್ನದು!"

ನಾನು ಮನೆಗೆ ಕಾರಿನಲ್ಲಿ ಹೋಗಲಿಲ್ಲ, ಗಾಳಿಯಲ್ಲಿ ಹೋದೆ!

ನನ್ನ ಹೆಂಡತಿ ವಸಂತಾ ಮಾನಸಗಂಗೋತ್ರಿಯ ಭೌತಶಾಸ್ತ್ರದ ಎಂ.ಎಸ್ಸಿ. ಹಾಗಾಗಿ ನಮ್ಮ ಮನೆಯಲ್ಲಿ ಪ್ರತಿ ಕ್ರಿಯೆಗೂ ಪ್ರತಿಕ್ರಿಯೆ ಇದ್ದೇ ಇರುತ್ತದೆ.

"ಹಾವಿಗೆ ಹಾಕೋ ಇಲಿಗೆ ನೀವು ಮನೆ ಕಟ್ಟೋದಾ? ಗಣಪತಿ ವಾಹನ ಕಣ್ರೀ ಅದು!"

"ಹಾವು ಈಶ್ವರನ ಆಭರಣ ಕಣೇ. ಅಪ್ಪ ಮಗನ ವ್ಯವಹಾರದಲ್ಲಿ ನಾವ್ಯಾಕೆ ತಲೆ ಹಾಕೋಣ? ನಾನು ಬರೀ ಬಿಲ್ಡಿಂಗ್ ಕಂಟ್ರ್ಯಾಕ್ಟರು."

"ಬಟ್ಟೆ ಒಗೆಯೋ ಲಾಂಡ್ರಿ ರೂಮಿನ ಬಾಗಿಲ ಚಿಲಕ ಬಿದ್ದು ಯುಗಾದಿಗೆ ವರ್ಷ ಆಯ್ತು. ಆಗೆಲ್ಲಿ ಹೋಗಿದ್ದ ಈ ಕಂಟ್ರ್ಯಾಕ್ಟರು?"

ಮಹತ್ಕಾರ್ಯಕ್ಕೆ ಹೊರಟವರು ಚಿಲಕದಂಥ ಚಿಲ್ಲರೆ ಮಾತಿಗೆ ಕಿವಿಗೊಡಬಾರದು. ನಾನು ಡ್ರಾಯಿಂಗ್ ಹಾಳೆ ಹಾಸಿ ಕುಳಿತೆ. ನೆಲಮಹಡಿ ಗಂಡಿಲಿಗಳಿಗೆ, ಮೊದಲ ಮಹಡಿ ಹೆಣ್ಣಿಲಿಗಳಿಗೆ, ಮೂರನೆಯ ಅಂತಸ್ತಿನಲ್ಲಿ ಗಾಳಿ ಬೆಳಕಿನ ಬಾಣಂತಿ ಕೋಣೆ! ಮುಂದೆ ಪುಟ್ಟ ಬಾಲ್ಕನಿ. ಇಲಿಗಳೆಲ್ಲ ಒಂದೇ ಮೂಲೆಯಲ್ಲಿ ಸೇರಿ ಕುಣಿದರೂ ಮಹಡಿ ಬಗ್ಗದಂತೆ ಭಾರದ ಲೆಕ್ಕ ಹಾಕಿದೆ. ಗ್ಯಾರೇಜಿನಲ್ಲಿ ಪ್ಲೈವುಡ್ಡು ಕೊಯ್ದೆ, ಕಿಟಕಿಗಳಿಗೆ ತಂತಿಬಲೆ ಹೊಡೆದೆ, ಅಂತಸ್ತಿನಿಂದ ಅಂತಸ್ತಿಗೆ ಮೆಟ್ಟಿಲು ಇಟ್ಟೆ.

"ಗಂಡು ಹೆಣ್ಣು ಬೇರೆ ಇರಬೇಕು ಅಂದ್ರಲ್ಲ, ಮಧ್ಯೆ ಮೆಟ್ಟಿಲು ಯಾಕೆ?" ವಸಂತಾ ಕಾಫಿ ಲೋಟ ಹಿಡಿದು ನಿಂತಿದ್ದಳು.

"ಮೆಟ್ಟಿಲಿಲ್ಲದ ಮೂರಂತಸ್ತು ಎಲ್ಲಾದ್ರೂ ಉಂಟೇನೇ? ಬಾಗಿಲು ಇಡ್ತೀನಿ."

"ಬಾಗಿಲಿಗೆ?"

"ಚಿಲಕ ಹಾಕ್ತೀನಿ."

"ನೀವಾ?"

ನಾನು ಅವಳ ಕೈಯಿಂದ ಲೋಟ ತೆಗೆದುಕೊಂಡು ಕಾಫಿ ಕುಡಿದೆ.

"ಅದಿರ್ಲಿ, ಇಲಿ ಮರ ಕಡಿಯಲ್ವಾ?"

"ಇದು ಬರೀ ಮರ ಅಲ್ಲ ಕಣೇ, ಮರೈನ್ ಪ್ಲೈ! ಇದರಲ್ಲಿ ದೋಣಿ, ಹಡಗು ಎಲ್ಲಾ ಕಟ್ತಾರೆ."

"ಹಡಗಲ್ಲಿ ಇಲಿ ಇರಲ್ವಾ?"

ವಾದದಲ್ಲಿ ಸೋತಾಗ ಗಂಡಸರು ಮಾಡುವುದನ್ನೇ ನಾನೂ ಮಾಡಿದೆ. ಡ್ರಿಲ್ ಶುರು ಮಾಡಿದೆ!

ಮಹಲು ಮುಗಿದಾಗ ನಮ್ಮ ಮಗಳು ನಿಕಿತಾ ಬಂದು ಸುತ್ತ ತಿರುಗಿ ನೋಡಿದಳು. ಅವಳಿಗೆ ಕನ್ನಡವೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಅಪ್ಪಾ, ಕ್ಯಾನ್ ಐ ಲಿವ್ ದೇರ್?" ಎಂದಳು. ಇದಕ್ಕಿಂತ ದೊಡ್ಡ ಪ್ರಶಸ್ತಿ ಬೇಕೆ!

ಶುಕ್ರವಾರ ಸಂಜೆ ಟ್ರೆವರ್ ಒಂದು ಡಜನ್ ಇಲಿಗಳನ್ನು ಪೆಟ್ಟಿಗೆಯಲ್ಲಿ ತಂದುಕೊಟ್ಟು ಹೋದ. ಗಂಡುಗಳ ಬಾಲಕ್ಕೆ ನೀಲಿ ಇಂಕಿನ ಗುರುತು. "ಭಾನುವಾರ ಬೆಳಿಗ್ಗೆ ಬಂದು ನೋಡ್ತೀನಿ," ಎಂದ. ವಸಂತಾ ಸೆರಗಿನಿಂದ ಮೂಗು ಮುಚ್ಚಿಕೊಂಡು ಗ್ಯಾರೇಜಿನ ಬಾಗಿಲಲ್ಲೇ ನಿಂತು ನೋಡಿದಳು. ಇಲಿಗಳು ಹಿಂಗಾಲ ಮೇಲೆ ಎದ್ದು ಅವಳನ್ನು ನೋಡಿದವು. ಅಷ್ಟೇ! ಅವಳು ಒಳಗೆ ಹೋಗಿ ಒಂದು ತಟ್ಟೆ ತುಂಬ ನೆನೆಸಿದ ಕಡಲೆಕಾಳು, ಕೊಬ್ಬರಿ ಚೂರು ತಂದಳು.

"ಇದೇನೇ ಇದು?"

"ಹಾವಿನ ಬಾಯಿಗೆ ಹೋಗೋ ಜೀವಗಳು. ಇದ್ದಷ್ಟು ದಿನ ಆದ್ರೂ ನಮ್ಮನೇಲಿ ಹಸಿದುಕೊಂಡು ಇರಬಾರದು."

ಶನಿವಾರ ಮಧ್ಯಾಹ್ನ ಗ್ಲೆನ್ ವೇವರ್ಲಿ ಬಡಾವಣೆಯಿಂದ ನಮ್ಮ ಪರಿಚಯದ ಡಾಕ್ಟರ್ ಗುರುದತ್ತ ಮತ್ತು ಅವರ ಹೆಂಡತಿ ಜಯಾ ಊಟಕ್ಕೆ ಬಂದರು. ಗುರುದತ್ತರದು ಸ್ವಂತ ಮನೆ, ಮಾರ್ಟ್‌ಗೇಜೂ ಮುಗಿಯುತ್ತ ಬಂದಿತ್ತು. ನಮ್ಮದು ರೆಂಟು. ನಾವು ಊಟಕ್ಕೆ ಕರೆದು ಹೋಳಿಗೆ ಬಡಿಸಿದಾಗಲೆಲ್ಲ ಅವರು ನಮಗೆ ಉಪದೇಶ ಬಡಿಸುತ್ತಿದ್ದರು, ಅದೂ ನಮ್ಮದೇ ಮನೆಯಲ್ಲಿ.

"ಇಲ್ಲಿ ಸುಮ್ಮನೆ ಡಿಗ್ರಿ ತೋರಿಸಿದ್ರೆ ಆಗಲ್ಲ ತ್ರಿವಿಕ್ರಮ. ಕೈಯಲ್ಲಿ ಏನು ಮಾಡ್ತೀರಿ ಅಂತ ತೋರಿಸಬೇಕು."

ಇಂಥ ಅವಕಾಶಕ್ಕೇ ನಾನು ಕಾದಿದ್ದೆ! "ಬನ್ನಿ ಡಾಕ್ಟ್ರೇ, ತೋರಿಸ್ತೀನಿ!" ಎಂದು ಗ್ಯಾರೇಜಿಗೆ ಕರೆದೊಯ್ದು, ಮಹಲಿಗೆ ಹೊದಿಸಿದ್ದ ಬೆಡ್‌ಶೀಟನ್ನು ಮಂತ್ರಿಗಳು ನಾಮಫಲಕದ ಪರದೆ ಸರಿಸುವಂತೆ ಸರಿಸಿದೆ.

ಗುರುದತ್ತರು ಬಗ್ಗಿ ನೋಡಿದರು. "ಭೇಷ್! ಆದ್ರೆ ಇಲಿಗಳೆಲ್ಲಿ ರೀ?"

ನಾನೂ ಬಗ್ಗಿದೆ. ನೆಲಮಹಡಿಯ ಗೋಡೆಯಲ್ಲಿ ಒಂದು ತೂತು. ನಾನು ಕೊಯ್ದ ಕಿಟಕಿಗಳಿಗಿಂತ ನೀಟಾಗಿತ್ತು! ಮೂರು ಅಂತಸ್ತೂ ಖಾಲಿ. ಮೆಟ್ಟಿಲನ್ನು ಮಾತ್ರ ಎಲ್ಲರೂ ಧಾರಾಳವಾಗಿ ಬಳಸಿದ್ದ ಗುರುತಿತ್ತು.

"ಅವು... ವಾಕಿಂಗ್ ಹೋಗಿರಬೇಕು."

"ಎಷ್ಟಿದ್ವು?"

"ಒಂದು ಡಜನ್."

ಗ್ಯಾರೇಜಿನಿಂದ ಲಾಂಡ್ರಿಗೆ ಸದಾ ತೆರೆದಿರುವ ಒಂದು ಬಾಗಿಲು. ಲಾಂಡ್ರಿಯಿಂದ ಮನೆಯೊಳಕ್ಕೆ, ಚಿಲಕವಿಲ್ಲದ ಇನ್ನೊಂದು ಬಾಗಿಲು. ಅದು ನನ್ನನ್ನು ನೋಡಿ ನಗುವಂತೆ ಅರ್ಧ ತೆರೆದುಕೊಂಡಿತ್ತು. "ಜಯಾ, ಹೊರಡು! ನನಗೆ ಆನ್‌ಕಾಲ್ ಇದೆ!" ಎಂದು ಡಾಕ್ಟರು ಮುಂಬಾಗಿಲಿಗೆ ಧಾವಿಸಿದರು. ನಮ್ಮವರ ಮನೆಗಳಲ್ಲಿ ಚಪ್ಪಲಿ, ಶೂಗಳೆಲ್ಲ ಬಾಗಿಲ ಬಳಿಯೇ ತಾನೇ? ಅವರು ತಮ್ಮ ಇಟಲಿ ಚರ್ಮದ ಶೂವಿನೊಳಕ್ಕೆ ಕಾಲು ತೂರಿಸಿದರು.

ಆ ಕೂಗು ಗ್ಲೆನ್ ವೇವರ್ಲಿ ರೈಲು ಲೈನಿನ ಕೊನೆಯ ಸ್ಟೇಷನ್ನಿಗೂ ಕೇಳಿಸಿರಬೇಕು! ಎಡಗಡೆ ಶೂವಿನಿಂದ ಒಂದು ಇಲಿ ಹೊರಬಂತು, ಬಲಗಡೆಯದರಿಂದ ಇನ್ನೊಂದು. ಎರಡೂ ತುಂಬ ಬೇಸರದಿಂದ ಬಂದವು. ಬೆಚ್ಚಗೆ, ಮೆತ್ತಗೆ, ಆಳಿಗೊಂದು ಕೋಣೆ! ಮೂರಂತಸ್ತಿನ ನನ್ನ ಮಹಲನ್ನು ಬಿಟ್ಟು ಅವು ಡಾಕ್ಟರ ಶೂವಿನಲ್ಲಿ ಸಂಸಾರ ಹೂಡಿದ್ದವು. ಜಯಾ ಸೋಫಾದ ಮೇಲೆ ಹತ್ತಿ ನಿಂತು "ರಾಮ ರಾಮ" ಎನ್ನುತ್ತಿದ್ದರೆ, ಸೋಫಾದ ಒಳಗಿನಿಂದ ಮೂರನೆಯ ಇಲಿ ಇಣುಕಿತು. ಕೊನೆಗೆ ಡಾಕ್ಟರು ನನ್ನ ಬಚ್ಚಲಮನೆಯ ಹವಾಯಿ ಚಪ್ಪಲಿಯಲ್ಲೇ ಕಾರು ಹತ್ತಿದರು.

ಆಮೇಲೆ ನಡೆದದ್ದು ಕುರುಕ್ಷೇತ್ರ! ಫ್ರಿಜ್ಜಿನ ಹಿಂದೆ ಒಂದು, ಅಕ್ಕಿ ಮೂಟೆಯಲ್ಲಿ ಎರಡು, ಪರದೆಯ ಮೇಲೆ ಒಂದು. ನಾನು ಪೊರಕೆ ಹಿಡಿದು ಪೂರ್ವಕ್ಕೆ ಹೋದರೆ ಅವು ಪಶ್ಚಿಮಕ್ಕೆ. ಅಷ್ಟರಲ್ಲಿ ನಿಕಿತಾ ನನ್ನ ಓದುವ ಮೇಜಿನ ಕೆಳಗಿನಿಂದ ಕೂಗಿದಳು: "ಅಪ್ಪಾ! ಕಮ್ ಕ್ವಿಕ್!"

ಓಡಿದೆ. ಟ್ರೆವರ್‌ಗೆ ತೋರಿಸಲೆಂದು ಸುತ್ತಿಟ್ಟಿದ್ದ ನನ್ನ ಡ್ರಾಯಿಂಗುಗಳು, ಭಾರದ ಲೆಕ್ಕಗಳು ಎಲ್ಲ ಚೂರು ಚೂರು. ಆ ಚೂರುಗಳ ಮೆತ್ತೆಯ ನಡುವೆ ಒಂದು ಇಲಿ ಹೆತ್ತು ಮಲಗಿತ್ತು. ಸುತ್ತ ಬೆರಳ ತುದಿಯಷ್ಟು ಗುಲಾಬಿ ಮರಿಗಳು ಮಿಸುಕಾಡುತ್ತಿದ್ದವು.

"ಯು ಬಿಲ್ಟ್ ದ ಮೆಟರ್ನಿಟಿ ವಾರ್ಡ್ ಇನ್ ದ ರಾಂಗ್ ಪ್ಲೇಸ್," ಎಂದಳು ಮಗಳು.

ನಾನು ನೆಲದ ಮೇಲೆ ಕುಸಿದು ಕೂತೆ. ಮನೆಯೂ ಹೋಯಿತು, ಡ್ರಾಯಿಂಗೂ ಹೋಯಿತು, ನಾಳೆ ಟ್ರೆವರ್ ಬರುತ್ತಾನೆ! ಆ ಕುರ್ಚಿ ಇನ್ನು ಬೇರೆ ಯಾರದೋ. ಸೋಮವಾರ ಮತ್ತೆ ಗ್ರೈಂಡರು, ಉಗುರಿನ ಸಂದಿಯಲ್ಲಿ ಮತ್ತೆ ಕಬ್ಬಿಣದ ಪುಡಿ. ಬೇಡವೆಂದರೂ ನನ್ನ ಕಣ್ಣಲ್ಲಿ ನೀರು ಬಂತು. ವಸಂತಾ ಅದನ್ನು ನೋಡಿದಳು. ಬೈಯಲಿಲ್ಲ. ಮದುವೆಯಾದಂದಿನಿಂದ ನಾನು ಅಷ್ಟು ಹೆದರಿದ್ದು ಅದೇ ಮೊದಲು.

ಅವಳು ಅಡುಗೆಮನೆಗೆ ಹೋಗಿ, ಅಟ್ಟದಿಂದ ಮೂರು ದೊಡ್ಡ ಸ್ಟೀಲಿನ ಕೊಳಗಗಳನ್ನು ಇಳಿಸಿದಳು.

"ವಸಂತಾ, ಅದು ಹುಳಿ ಮಾಡೋ ಕೊಳಗ!"

"ಗೊತ್ತು. ಮದುವೇಲಿ ನಮ್ಮಮ್ಮ ಕೊಟ್ಟಿದ್ದು."

"ಇಲಿ ಹಾಕಿದ್ಮೇಲೆ ಅಡುಗೆಗೆ ಬರಲ್ವಲ್ಲೇ!"

"ನಿಮ್ಮ ಕೆಲಸಕ್ಕಿಂತ ಕೊಳಗ ದೊಡ್ಡದಾ? ಸುಮ್ನೆ ಎದ್ದು ಕಡಲೆಬೀಜ ಹುರೀರಿ!"

ನಾನು ಹುರಿದೆ. ಆ ಕ್ಷಣದಲ್ಲಿ ಅವಳು ಕಲ್ಲು ಹುರಿ ಎಂದಿದ್ದರೂ ಹುರಿಯುತ್ತಿದ್ದೆ. ಅವಳು ಬಿಸಿ ಕಡಲೆಬೀಜ, ಬೆಲ್ಲವನ್ನು ಕೊಳಗದ ತಳಕ್ಕೆ ಹಾಕಿ, ಒಳಗೋಡೆಗೆ ತುಪ್ಪ ಸವರಿ, ಹೊರಗಿನಿಂದ ಅಂಚಿನವರೆಗೆ ಇಸ್ತ್ರಿ ಹಲಗೆಯನ್ನು ಒರಗಿಸಿದಳು. "ಹತ್ತೋ ಕಡೆ ಘರ್ಷಣೆ ಇದೆ, ಇಳಿದ ಕಡೆ ಇಲ್ಲ. ಇಷ್ಟೇ ಫಿಸಿಕ್ಸು," ಎಂದಳು. ಪರಿಮಳ ಮನೆಯೆಲ್ಲ ಹರಡಿತು. ನಿನ್ನೆಯ ಆತಿಥ್ಯದ ರುಚಿ ಕಂಡಿದ್ದ ಇಲಿಗಳು ಒಂದೊಂದಾಗಿ ಬಂದು, ಹಲಗೆ ಹತ್ತಿ, ಒಳಗೆ ಧುಮುಕಿದವು! ಧುಮುಕಿದ ತಕ್ಷಣ ನಿಕಿತಾ ಮೇಲೆ ಜಾಲರಿ ಮುಚ್ಚುತ್ತಿದ್ದಳು. ಅದು ನನ್ನ ಮಹಲಿನ ಕಿಟಕಿಯಿಂದ ಕಿತ್ತ ತಂತಿಬಲೆ. ಇಡೀ ಕಾರ್ಯಾಚರಣೆಗೆ ನನ್ನ ಏಕೈಕ ಕೊಡುಗೆ. ಕತ್ತಲಾಗುವ ಮೊದಲೇ ಬಾಲ ನೋಡಿ ವಿಂಗಡಿಸಿಯೂ ಆಯಿತು: ನೀಲಿ ಬಾಲದವು ಒಂದು ಕೊಳಗದಲ್ಲಿ, ಉಳಿದವು ಇನ್ನೊಂದರಲ್ಲಿ, ಬಾಣಂತಿ ಮತ್ತು ಮಕ್ಕಳು ನನ್ನ ಭಾರದ ಲೆಕ್ಕದ ಹಾಸಿಗೆಯ ಸಮೇತ ಮೂರನೆಯದರಲ್ಲಿ.

ಭಾನುವಾರ ಟ್ರೆವರ್ ಬಂದ. ನಾನು ತೂತು ಕಾಣದಂತೆ ಮಹಲಿಗೆ ಅಡ್ಡ ನಿಂತೆ. ಅವನು ಅದರತ್ತ ನೋಡಲೂ ಇಲ್ಲ. ನೇರ ಕೊಳಗಗಳ ಬಳಿ ಹೋಗಿ ಕುಕ್ಕರಗಾಲಲ್ಲಿ ಕೂತ. ಬೆರಳಿನಿಂದ ಬಡಿದ. ಠಣ್ ಎಂದಿತು.

"ಕಡಿಯೋಕೆ ಮೂಲೆಯೇ ಇಲ್ಲ! ಪೈಪ್ ಹಿಡಿದು ತೊಳೆದರೆ ಮುಗೀತು! ಬ್ಲಡಿ ಬ್ಯೂಟಿ! ವಿಕ್, ಇದು ಯಾರ ಡಿಸೈನು?"

ನನ್ನ ನಾಲಗೆ ತಾನಾಗಿಯೇ "ನಾ..." ಎಂದು ಹೊರಟಿತು.

"ಅವರು ಡಿಸೈನ್ ಮಾಡಿದ್ದು ಆ ಸೌದೆ," ಎಂದಳು ವಸಂತಾ, ಒಂದೊಂದೇ ಪದ ಬಿಡಿಸಿ, ಸ್ವಚ್ಛ ಇಂಗ್ಲಿಷಿನಲ್ಲಿ. "ಇದು ನನ್ನದು."

ಟ್ರೆವರ್ ಅವಳನ್ನು ನೋಡಿದ, ನನ್ನನ್ನು ನೋಡಿದ, ನನ್ನ ಹಿಂದಿನ ತೂತನ್ನೂ ನೋಡಿದ. "ಹಾಗಾದ್ರೆ ಡ್ರಾಯಿಂಗ್ ಆಫೀಸಿಗೆ ನೀವು ಬರ್ತೀರಾ?" ಎಂದು ಅವಳನ್ನೇ ಕೇಳಿಬಿಟ್ಟ!

"ನನಗೆ ಬಿಡುವಿಲ್ಲ. ಇವರನ್ನೇ ಕೂರಿಸಿ. ಗೆರೆ ಚೆನ್ನಾಗಿ ಎಳೀತಾರೆ. ಏನು ಎಳೀಬೇಕು ಅಂತ ನಾನು ಹೇಳ್ತೀನಿ." ಅಷ್ಟಕ್ಕೇ ನಿಲ್ಲಿಸಲಿಲ್ಲ. "ನನಗೆ ಮೂರು ಹೊಸ ಕೊಳಗ ಬೇಕು. ಮತ್ತೆ ಆ ಬಾಣಂತಿ ನಮ್ಮನೇಲೇ ಇರ್ತಾಳೆ. ಅವಳನ್ನ, ಮಕ್ಕಳನ್ನ ನಿಮ್ಮ ಡೋರಿಸ್‌ಗೆ ಕೊಡಲ್ಲ."

"ಡೀಲ್!" ಎಂದು ಟ್ರೆವರ್ ಕೈಚಾಚಿದ. ನನ್ನ ಕಡೆಗಲ್ಲ!

ಆದರೇನು? ಸೋಮವಾರ ನಾನು ಮೆಟ್ಟಿಲು ಹತ್ತಿದೆ! ಆ ಕುರ್ಚಿಯಲ್ಲಿ ಕೂತೆ! ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಯೂ ನೋಡಿದೆ. ನನ್ನ ಮೊಟ್ಟಮೊದಲ ಡ್ರಾಯಿಂಗು ಹುಳಿ ಕೊಳಗ. ಮೇಲಿನಿಂದ, ಪಕ್ಕದಿಂದ, ಕತ್ತರಿಸಿದಂತೆ. ಹಾಳೆಯ ಬಲತುದಿಯ ಚೌಕದಲ್ಲಿ ಮೂರು ಸಾಲು. ಡಿಸೈನ್ ಮಾಡಿದವರು: ವಸಂತಾ. ಅದನ್ನು ಬರೆಯದೆ ಮನೆಗೆ ಹೋಗುವ ಧೈರ್ಯ ನನಗಿರಲಿಲ್ಲ. ಡ್ರಾಯಿಂಗ್ ಮಾಡಿದವರು: ತ್ರಿವಿಕ್ರಮ, ಬಿ.ಇ., ದಪ್ಪ ಅಕ್ಷರಗಳಲ್ಲಿ. ಚೆಕ್ ಮಾಡಿದವರು: ಖಾಲಿ. ಅಲ್ಲಿ ಯಾರಾದರೂ ದೊಡ್ಡ ಎಂಜಿನಿಯರ್ ಸಹಿ ಹಾಕಲಿ ಎಂದು ಬಿಟ್ಟು, ಸಂಜೆ ಹಾಳೆಯನ್ನು ಮನೆಗೆ ತಂದು ಹೆಮ್ಮೆಯಿಂದ ಊಟದ ಮೇಜಿನ ಮೇಲೆ ಹಾಸಿದೆ.

ವಸಂತಾ ಕನ್ನಡಕ ಹಾಕಿಕೊಂಡು ಬಗ್ಗಿದಳು. "ಜಾಲರಿ ತೂತಿನ ಅಳತೆ ತಪ್ಪು. ಇದರಲ್ಲಿ ಮರಿಗಳೆಲ್ಲ ಆಚೆ ಬರ್ತಾವೆ," ಎಂದು ಕೆಂಪು ಪೆನ್ನಿನಿಂದ ತಿದ್ದಿದಳು. ಆಮೇಲೆ ಖಾಲಿ ಬಿಟ್ಟಿದ್ದ ಮೂರನೆಯ ಸಾಲಿನಲ್ಲಿ ತನ್ನ ಸಹಿ ಹಾಕಿ, ಹಾಳೆಯನ್ನು ಸುತ್ತಿ ನನ್ನ ಕೈಗಿಟ್ಟಳು.

"ಮಧ್ಯದಲ್ಲಿರೋ ಹೆಸರು ಇರ್ಲಿ ಬಿಡಿ. ಪಾಪ, ಗೆರೆ ಎಳೆದಿದ್ದೀರಲ್ಲ!"