ಪವಾಡಕ್ಕೆ ಯಾವ ಕಪಾಟು?

ಪುಸ್ತಕ ಓದುತ್ತ ಕೂತರೆ ವಿಂಗಡಿಸುವ ಕೆಲಸ ಸಾಗುವುದಿಲ್ಲ ಎಂಬುದು ಹದಿನಾಲ್ಕು ವರ್ಷಗಳಿಂದ ಹಂಗಾಮಿಯಾಗಿಯೇ ಇದ್ದ ಗ್ರಂಥಪಾಲಕನ ಸಿದ್ಧಾಂತ. ಹಾಗಾಗಿ ಅಂದು ಬೆಳಿಗ್ಗೆ ಬಂದ ‘ಯೇಸುವಿನ ಪವಾಡಗಳು’ ಪುಸ್ತಕದ ಪರಿವಿಡಿಯನ್ನಷ್ಟೇ ನೋಡಿದ. ನೀರು ದ್ರಾಕ್ಷಾರಸವಾದದ್ದು, ಐದು ರೊಟ್ಟಿಯಲ್ಲಿ ಐದು ಸಾವಿರ ಜನ ಉಂಡದ್ದು, ಸಮುದ್ರದ ಮೇಲೆ ನಡೆದದ್ದು. ಹಿಂದುಮುಂದು ಯೋಚಿಸದೆ ಜಾದೂ ಕಪಾಟಿನಲ್ಲಿ, ಇಸ್ಪೀಟು ಕೈಚಳಕದ ಪುಸ್ತಕದ ಪಕ್ಕ ತುರುಕಿದ. ಮೂರು ಗಂಟೆಗೆ ತಪಾಸಣಾಧಿಕಾರಿ ಬರುವವರಿದ್ದರು. ಅವರು ಮೆಚ್ಚಿದರೆ ಕೆಲಸ ಕಾಯಂ.

ಮಧ್ಯಾಹ್ನ, ಪತ್ರಿಕೆ ಓದಲು ಬರುವ ನಿವೃತ್ತ ಮೇಷ್ಟರ ಕಣ್ಣಿಗೆ ಪುಸ್ತಕ ಬಿತ್ತು. ಸುದ್ದಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಂಡರೆ ಅವರಿಗೆ ಅಜೀರ್ಣ. ಹತ್ತೇ ನಿಮಿಷದಲ್ಲಿ ಪಕ್ಕದ ಬೀದಿಯ ಚರ್ಚಿನ ಪಾದ್ರಿ ಹಾಜರಾದರು.

“ಏನ್ರೀ, ದೇವರ ಕೆಲಸಾನ ಇಸ್ಪೀಟಿನ ಪಕ್ಕ ಇಟ್ಟಿದ್ದೀರಲ್ಲ! ಜಾದೂ ಅಂದ್ರೆ ಕಣ್ಕಟ್ಟು. ಪವಾಡ ಪ್ರಾರ್ಥನೆಯಿಂದ ಆಗೋದು.”

“ನೋಡೋರಿಗೆ ವ್ಯತ್ಯಾಸ ಹೇಗೆ ಗೊತ್ತಾಗುತ್ತೆ ಫಾದರ್?”

“ನಂಬಿದ್ರೆ ಗೊತ್ತಾಗುತ್ತೆ.”

“ನಂಬದಿದ್ರೆ?”

“ಮೇಲಿನವರಿಗೆ ದೂರು ಕೊಡ್ತೀನಿ.”

ಈ ತರ್ಕ ಗ್ರಂಥಪಾಲಕನಿಗೆ ತಕ್ಷಣ ಅರ್ಥವಾಯಿತು. ಪುಸ್ತಕ ಹೊರಗೆಳೆದ.

“ತೆಗೀರಿ, ಮೊದಲು ತೆಗೀರಿ!” ಎಂದ, ಅದೇ ಕಪಾಟಿನಲ್ಲಿ ತಡಕಾಡುತ್ತಿದ್ದ ಜಾದೂಗಾರ. “ನಾವು ಇದು ಮೋಸ ಅಂತ ಮೊದಲೇ ಹೇಳಿ ಮೋಸ ಮಾಡೋ ಮರ್ಯಾದಸ್ಥರು. ಹೇಳದೆ ಮಾಡೋರ ಪಕ್ಕ ನಮ್ಮನ್ನ ಕೂರಿಸಬೇಡಿ.”

ಪಾದ್ರಿಯ ಮುಖ ಕಾದ ಇಸ್ತ್ರಿಪೆಟ್ಟಿಗೆಯಾಯಿತು. ಗ್ರಂಥಪಾಲಕ ಧರ್ಮದ ಕಪಾಟಿನ ಕಡೆ ಹೊರಟ.

“ಅಲ್ಲಿಟ್ರೆ ಇದೆಲ್ಲ ನಿಜ ಅಂತ ಸರ್ಕಾರಾನೇ ಒಪ್ಪಿದ ಹಾಗಾಯ್ತು,” ಎಂದರು ಮೇಷ್ಟರು. “ಕತೆ ಪುಸ್ತಕಗಳ ಜೊತೆ ಹಾಕಿ.”

“ಕತೆಯಾ!” ಪಾದ್ರಿ ಕನ್ನಡಕ ಕಳಚಿ ತೋಳೇರಿಸಿದರು.

ಮದುವೆಮನೆಯಲ್ಲಿ ಕೂರಲು ಜಾಗ ಸಿಗದ ನೆಂಟನಂತೆ ಪುಸ್ತಕವು ಗ್ರಂಥಪಾಲಕನ ಕೈಯಲ್ಲಿ ಕೋಣೆಯನ್ನು ಮೂರು ಸುತ್ತು ಹಾಕಿತು. ಹೊರಗೆ ಕಾರು ನಿಂತ ಸದ್ದು. ಗ್ರಂಥಪಾಲಕ ಪುಸ್ತಕವನ್ನು ಕುರ್ಚಿಯ ಮೇಲೆ ಹಾಕಿ ಅದರ ಮೇಲೆ ಕೂತುಬಿಟ್ಟ. ಅಧಿಕಾರಿ ಒಳಗೆ ಬಂದಾಗಲೂ ಏಳಲಿಲ್ಲ.

“ಕಾಲು ಉಳುಕಿದೆ ಸಾರ್.”

“ಇರಲಿ. ಇವತ್ತು ಬಂದ ಪುಸ್ತಕ ಎಲ್ಲಿ? ಯೇಸುವಿನ ಪವಾಡಗಳು. ನಾನೇ ಬರೆದದ್ದು.”

ಪಾದ್ರಿ ಕೈಜೋಡಿಸಿದರು. “ಎಂಥ ಭಕ್ತಿ ಸಾರ್ ನಿಮ್ಮದು!”

“ಭಕ್ತಿನಾ? ಒಂದೊಂದು ಪವಾಡದ ಹಿಂದೆ ಯಾವ ಜಾದೂ ತಂತ್ರ ಇದ್ದಿರಬಹುದು ಅಂತ ಮುನ್ನೂರು ಪುಟ ಬರೆದಿದ್ದೀನಿ. ಒಬ್ಬರಾದ್ರೂ ತೆರೆದು ನೋಡಿಲ್ವಾ?”

ಪರಿವಿಡಿ ದಾಟಿ ಯಾರೂ ನೋಡಿರಲಿಲ್ಲ. ಆದರೆ ಗ್ರಂಥಪಾಲಕ ಖುಷಿಯಿಂದ ಚಂಗನೆ ಎದ್ದು ನಿಂತ. “ಜಾದೂ ಕಪಾಟಲ್ಲೇ ಇಟ್ಟಿದ್ದೆ ಸಾರ್, ಬೆಳಿಗ್ಗೆನೇ!”

ನಾಲ್ವರ ಕಣ್ಣೂ ಕುರ್ಚಿಯ ಮೇಲೆ ಬಿತ್ತು. ಅಧಿಕಾರಿ ಮುದುರಿದ ಪುಸ್ತಕವನ್ನು ಎರಡು ಬೆರಳಲ್ಲಿ ಎತ್ತಿದರು.

“ಬೆಚ್ಚಗಿದೆ,” ಎಂದಷ್ಟೇ ಹೇಳಿ, ವರದಿಯಲ್ಲಿ ‘ಕಾಯಂ ಕೆಲಸಕ್ಕೆ ಅನರ್ಹ’ ಎಂದು ಬರೆದು ಹೊರಟರು.

“ನಿಮಗೋಸ್ಕರ ಪ್ರಾರ್ಥನೆ ಮಾಡ್ತೀನಿ,” ಎಂದರು ಪಾದ್ರಿ.

“ಒಂದು ನಿಮಿಷ ನನ್ನ ಕೈಗೆ ಕೊಟ್ಟಿದ್ರೆ ಮಾಯ ಮಾಡ್ತಿದ್ನಲ್ರೀ!” ಎಂದ ಜಾದೂಗಾರ.