ಬೋರ್ಡೋದಿಂದ ಗೆಂಟ್‌ಗೆ ಎರಡು ಗಂಟೆ ಮುಂಚೆ ಬಂದ ಪಾರಿವಾಳಕ್ಕೆ

ಮಾನ್ಯರೇ,

ನನ್ನ ಹಿತ್ತಿಲ ಗೂಡಿನ ಮೇಲಿನ ಸಾಲನ್ನು ಅಲಂಕರಿಸಿರುವ, ಬಲಗಾಲಿಗೆ ಹಸಿರು ಉಂಗುರ ತೊಟ್ಟ ನೀಲಿ ಪಾರಿವಾಳ ಮಹಾಶಯರ ಸನ್ನಿಧಿಗೆ, ತಮಗೆ ಎರಡು ಹೊತ್ತು ಕಾಳು ಹಾಕುವ ಅಕಿಯೆಲ್ ಮಾಡುವ ನಮಸ್ಕಾರಗಳು. ದೂರಿನ ಪತ್ರವನ್ನು ‘ಐ ಬೆಗ್ ಟು ಸ್ಟೇಟ್ ದಟ್’ ಎಂದು ಶುರುಮಾಡಬೇಕೆಂದು ಕಾಲೇಜಿನ ಇಂಗ್ಲಿಷ್ ಮೇಷ್ಟರು ಕಲಿಸಿದ್ದರು. ‘ದಟ್’ ಆದಮೇಲೆ ಏನು ಬರುತ್ತದೆಂಬುದು ಮರೆತಿರುವುದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ. ನೇರವಾಗಿ ಬರುವುದು ನನ್ನಿಂದಾಗದ ಕೆಲಸವೆಂದು ನನ್ನ ದಿವಂಗತ ಹೆಂಡತಿ ಹೇಳುತ್ತಿದ್ದಳು, ಇರಲಿ.

ಬೋರ್ಡೋದಿಂದ ನಮ್ಮ ಗೆಂಟ್‌ಗೆ ಏಳುನೂರ ಅರವತ್ತು ಕಿಲೋಮೀಟರು, ವಿಮಾನಕ್ಕೆ ಒಂದು ಗಂಟೆ ಹತ್ತು ನಿಮಿಷ ಎಂದು ನನ್ನ ಫೋನು ಹೇಳುತ್ತದೆ. ತಾವು ವಿಮಾನವಲ್ಲ, ಬೆಲ್ಟು ಬಿಚ್ಚಿ ಸರದಿಯಲ್ಲಿ ನಿಲ್ಲುವ ಅಗತ್ಯ ತಮಗಿಲ್ಲ ನಿಜ, ಆದರೂ ರೇಸಿಗೆಂದು ಬೆಳಿಗ್ಗೆ ಆರೂವರೆಗೆ ಅಲ್ಲಿ ಬುಟ್ಟಿ ತೆರೆದು ಹಾರಿಬಿಟ್ಟರೆ ತಾವು ಮನೆ ಸೇರುವುದು ಸಂಜೆ ಐದೂವರೆಗೆ ಎಂದು ಕಾಗದದ ಮೇಲೆ ಮೂರು ಸಲ ಲೆಕ್ಕ ಹಾಕಿಯೇ ನಾನು ಎದುರು ಮನೆಯ ಗೊಡೆಲೀವ್ ಅವರನ್ನು ಮೂರು ಗಂಟೆಗೆ ಕಾಫಿಗೆ ಕರೆದದ್ದು. ನನ್ನನ್ನು ಮದುವೆಯಾಗುತ್ತೀರಾ ಎಂದು ಅವರನ್ನು ಕೇಳಬೇಕಿತ್ತು. ಆರು ತಿಂಗಳಿಂದ ಕೇಳಬೇಕಿತ್ತು.

ಮೂರು ಇಪ್ಪತ್ತಕ್ಕೆ, “ಗೊಡೆಲೀವ್ ಅವರೇ, ನೀವು ನನ್ನ...” ಎಂಬಲ್ಲಿಗೆ ಬಂದಿದ್ದೆ. ಬೆನ್ನ ಹಿಂದಿನ ಗಾಳಿಯನ್ನು ನಂಬಿ, ಇಡೀ ಊರಿನ ಹಕ್ಕಿಗಳನ್ನು ಹಿಂದೆ ಹಾಕಿ, ತಾವು ನನ್ನ ಮನೆಯ ಸೂರಿನ ಮೇಲೆ ಇಳಿದಿರಿ. ನಾನು ಹೇಳಬೇಕಾದದ್ದು “ಜೊತೆ ಇರುತ್ತೀರಾ” ಎಂದು. ಹೇಳಿದ್ದು “ಅಲ್ಲಾಡಬೇಡಿ, ಉಸಿರಾಡಬೇಡಿ” ಎಂದು.

ಹಕ್ಕಿ ಗೂಡಿನ ಬಾಗಿಲು ದಾಟಿದರೆ ಮಾತ್ರ ರೇಸಿನ ಗಡಿಯಾರ ನಿಲ್ಲುವುದೆಂದು ತಮಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅಂಗಳದಲ್ಲಿ ಅಪರಿಚಿತ ಹಳದಿ ಟೋಪಿಯೊಂದನ್ನು ಕಂಡು ತಾವು ಹದಿನಾಲ್ಕು ನಿಮಿಷ ಸೂರಿನ ಮೇಲೆಯೇ ಗರಿ ತೀಡುತ್ತ ಕುಳಿತಿರಿ. ಆ ಟೋಪಿಯ ಒಡತಿ ಅಷ್ಟೂ ಹೊತ್ತು ಕೇಕಿನ ಚಮಚವನ್ನು ಬಾಯಿಯ ಮುಂದೆ ಹಿಡಿದು ಕಲ್ಲಾಗಿ ಕುಳಿತಿದ್ದರು. ಎಂಥ ಘನತೆ, ಎಂಥ ನಿಧಾನ! ಮಂತ್ರಿಗಳೂ ತಮ್ಮಿಂದ ಕಲಿಯಬೇಕು.

ತಾವು ಒಳಹೊಕ್ಕಾಗ ನಮ್ಮ ಸ್ಥಾನ ಇಪ್ಪತ್ತಮೂರು. ರೇಸು ಗೆದ್ದ ಓಮರ್, ಆಮೇಲೆ ನಮ್ಮ ಪಾರಿವಾಳದ ಕ್ಲಬ್ಬಿನಲ್ಲಿ, “ಲೋ ಅಕಿಯೆಲ್, ನಿನ್ ಹಕ್ಕಿಗೆ ಬೋರ್ಡೋ ಹತ್ರ ಕಣೋ, ನಿನ್ ಗೂಡೇ ದೂರ” ಎಂದ. ಅದನ್ನು ನುಂಗಿಕೊಂಡೆ. ತಾವು ಒಳಹೊಕ್ಕೊಡನೆ ಗೊಡೆಲೀವ್ ಅಂದದ್ದು ಮಾತ್ರ ಗಂಟಲಲ್ಲೇ ಇದೆ. “ನನ್ ಗಂಡ ಬದುಕಿದ್ದಾಗ ನಲವತ್ತು ವರ್ಷ ಬೇಡ್ಕೊಂಡ್ರೂ ನಾನು ಹದಿನಾಲ್ಕು ನಿಮಿಷ ಸುಮ್ನೆ ಕೂತೋಳಲ್ಲ ರೀ. ಮುಂದಿನ ರೇಸು ಯಾವೂರಿಂದ?” ಬಾರ್ಸಿಲೋನಾದಿಂದ, ಸಾವಿರದ ಎಂಬತ್ತು ಕಿಲೋಮೀಟರು ಎಂದೆ. “ಹಂಗಾದ್ರೆ ಅವತ್ತು ಬರ್ತೀನಿ. ಅಷ್ಟು ದೂರ ಇದ್ರೆ ನೀವೊಂದು ವಾಕ್ಯ ಮುಗಿಸ್ತೀರೇನೋ” ಎಂದು ಹೊರಟೇಹೋದರು.

ಆದ್ದರಿಂದ ತಮ್ಮಲ್ಲಿ ಪ್ರಾರ್ಥನೆ: ಪಿರೆನೀಸ್ ಪರ್ವತಗಳನ್ನು ಹಾರಿ ದಾಟದೆ ಸುತ್ತಿಕೊಂಡು ಬರಬೇಕು, ಲಿಯೋನಿನಲ್ಲಿ ನೆಂಟರಿದ್ದರೆ ಎರಡು ದಿನ ತಂಗಬೇಕು, ಎದುರುಗಾಳಿಯನ್ನು ಹುಡುಕಿ ಹಿಡಿಯಬೇಕು, ಪ್ಯಾರಿಸ್ಸಿನಿಂದಾಚೆಗೆ ಸಾಧ್ಯವಾದರೆ ನಡೆದುಕೊಂಡೇ ಬರಬೇಕು.

ಇಂತಿ ತಮ್ಮ ರೆಕ್ಕೆಯ ನೆರಳಲ್ಲಿ ಬದುಕುತ್ತಿರುವ
ತಮ್ಮ ವಿಶ್ವಾಸಿ,
ಅಕಿಯೆಲ್

ತಾ.ಕ.: ತಾವು ಯಾರ ಮಾತನ್ನೂ ಕೇಳುವವರಲ್ಲವೆಂದು ಬಲ್ಲೆನಾದ್ದರಿಂದ, ಬಾರ್ಸಿಲೋನಾಕ್ಕೆ ತಮ್ಮ ಅಣ್ಣನವರನ್ನು ಕಳಿಸುತ್ತಿದ್ದೇನೆ. ಹೋದ ವರ್ಷ ಅವರು ಪ್ಯಾರಿಸ್ಸಿನಿಂದ ಬರಲು ಒಂಬತ್ತು ದಿನ ತೆಗೆದುಕೊಂಡು, ಕೊನೆಗೆ ಓಮರನ ಗೂಡಿಗೆ ಹೋಗಿ ಊಟ ಮಾಡಿದರು. ನನಗೆ ಬೇಕಾದ ವೇಗ ಅವರದೇ.